ಕಾಗೋಶಿಮಾದ ಅಜ್ಜಿಯ ಮಾತು

ನನಗೆ ಜಪಾನಿ ಭಾಷೆ ಬರುತ್ತದೆ ಎಂದರೆ ಗೋವಾದ ವಾಸ್ಕೋ ಮಾರುಕಟ್ಟೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ವರ್ಷದ ಮುನ್ನೂರು ದಿನ ನಾನು ಅಪ್ಪನ ಬಟ್ಟೆ ಅಂಗಡಿಯಲ್ಲಿ ಕುಳಿತು ಟವೆಲು, ಲುಂಗಿ, ಶಾಲೆಯ ಸಮವಸ್ತ್ರದ ಬಟ್ಟೆ ಹರಿದು ಕೊಡುತ್ತಿದ್ದವನು. ಗಿರಾಕಿಗಳಲ್ಲಿ ಹೆಚ್ಚಿನವರು ಸಡಾದ ಗುಡ್ಡದಿಂದ ಇಳಿದು ಬರುವ, ಉತ್ತರ ಕರ್ನಾಟಕದ ನಮ್ಮ ಕಡೆಯವರೇ. ಅವರ ಜೊತೆ ಕನ್ನಡ, ಉಳಿದವರ ಜೊತೆ ಕೊಂಕಣಿ ಇಲ್ಲವೇ ಹಿಂದಿ. ಜಪಾನಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಆದರೆ ಆ ಹುಚ್ಚು ನನಗೆ ಹತ್ತಿದ್ದು ಅದೇ ಅಂಗಡಿಯಲ್ಲಿ. ನಾನು ಕಾಲೇಜಿಗೆ ಹೋಗುತ್ತಿದ್ದಾಗ, ಅದಿರು ತುಂಬಿಸಿಕೊಳ್ಳಲು ಬಂದಿದ್ದ ಹಡಗಿನ ಅಧಿಕಾರಿಯೊಬ್ಬ ಒಂದು ಡಜನ್ ಟವೆಲು ಕೊಂಡ. ಕೈಚೀಲದಲ್ಲಿ ಜಾಗ ಸಾಲದೆ ತನ್ನ ಹಳೆಯ ಮಾಸಪತ್ರಿಕೆಗಳ ಕಟ್ಟನ್ನು ಗಲ್ಲೆಯ ಮೇಲೆ ಬಿಟ್ಟುಹೋದ. ಅವು ಜಪಾನಿನ ಪ್ರವಾಸ ಪತ್ರಿಕೆಗಳು. ಒಂದೊಂದು ಸಂಚಿಕೆಯಲ್ಲಿ ನಾಲ್ಕೈದು ಪ್ರಾಂತ್ಯ. ಅಲ್ಲಿಯ ಬೆಟ್ಟ, ಬಿಸಿನೀರಿನ ಬುಗ್ಗೆ, ಪುಟ್ಟ ರೈಲು, ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿಯ ಊಟ. ಅಪ್ಪ ಅವನ್ನು ಪೊಟ್ಟಣ ಕಟ್ಟಲು ಬಳಸುವ ಮೊದಲೇ ನಾನು ಎತ್ತಿಟ್ಟುಕೊಂಡೆ. ಒಂದು ಅಕ್ಷರವೂ ಬರುತ್ತಿರಲಿಲ್ಲ. ಚಿತ್ರ ನೋಡುತ್ತಿದ್ದೆ, ಅಷ್ಟೆ. ಓದಲು ಬರಬೇಕು ಎನ್ನುವ ಒಂದೇ ಆಸೆಯಿಂದ ಪುಣೆಗೆ ಹೋಗಿ, ಪದವಿಯ ಜೊತೆಗೆ ನಾಲ್ಕು ವರ್ಷ ಆ ಭಾಷೆ ಕಲಿತೆ.

ಕಲಿತ ಮೇಲೆ ಆ ಪತ್ರಿಕೆಗಳನ್ನು ಮೊದಲಿನಿಂದ ಓದಿ ಒಂದು ದಪ್ಪ ನೋಟುಬುಕ್ಕು ಮಾಡಿದೆ. ನಲವತ್ತೇಳು ಪ್ರಾಂತ್ಯಗಳಿಗೆ ನಲವತ್ತೇಳು ಭಾಗ. ಅಕಿತಾದಲ್ಲಿ ಅನ್ನವನ್ನು ಅರೆದು ಕಡ್ಡಿಗೆ ಮೆತ್ತಿ ಕೆಂಡದಲ್ಲಿ ಸುಡುತ್ತಾರೆ. ನಾಗಾನೋದ ಬೆಟ್ಟದವರು ಕಪ್ಪು ಧಾನ್ಯದ ಹಿಟ್ಟಿನಿಂದ ಶಾವಿಗೆ ಹೊಸೆಯುತ್ತಾರೆ. ಕಾಗಾವಾದಲ್ಲಿ ಬೆರಳಿನಷ್ಟು ದಪ್ಪನೆಯ ಗೋಧಿ ಶಾವಿಗೆಯನ್ನು ಬೆಳಿಗ್ಗೆಯೇ ನಿಂತುಕೊಂಡು ತಿನ್ನುತ್ತಾರೆ. ಇದರಲ್ಲಿ ಒಂದನ್ನೂ ನಾನು ಕಣ್ಣಿನಿಂದ ಕಂಡಿರಲಿಲ್ಲ, ನಾಲಿಗೆಗೆ ಹಚ್ಚಿರಲಿಲ್ಲ. ಆದರೂ ಯಾರಾದರೂ ಒಬ್ಬ ಜಪಾನಿ ಸಿಕ್ಕರೆ ಸಾಕು, ಅವನ ಊರಿನ ಊಟದ ಬಗ್ಗೆ ಅವನಿಗೇ ಹೇಳಿ ಬೆರಗು ಮಾಡಬಲ್ಲೆ ಎಂಬ ಸೊಕ್ಕು ಇತ್ತು.

ಸಿಗುತ್ತಿರಲಿಲ್ಲ, ಅದೇ ಕಷ್ಟ. ಗೋವಾಕ್ಕೆ ಇಂಗ್ಲಿಷಿನವರು ಬರುತ್ತಿದ್ದರು, ಜರ್ಮನರು ಬರುತ್ತಿದ್ದರು, ರಷ್ಯದವರು ವಿಮಾನಗಟ್ಟಲೆ ಬಂದು ಇಳಿಯುತ್ತಿದ್ದರು. ಜಪಾನಿನವರು ವರ್ಷಕ್ಕೆ ಒಂದೋ ಎರಡೋ ಗುಂಪು. ಪಣಜಿಯ ಒಂದು ಪ್ರವಾಸ ಕಚೇರಿಯಲ್ಲಿ ನನ್ನ ಹೆಸರು ಬರೆಸಿಟ್ಟಿದ್ದೆ. ಅಲ್ಲಿಯ ಮ್ಯಾನೇಜರ ಕರೆದರೆ ಎರಡು ದಿನ ಗೈಡು, ಮತ್ತೆ ಅಂಗಡಿ. ಅಪ್ಪ ಬೈಯುತ್ತಿರಲಿಲ್ಲ. ಬಟ್ಟೆ ಮಡಚುತ್ತ, "ರಷ್ಯನ್ ಕಲೀಬೇಕಾಗಿತ್ತು ನೀ" ಎಂದಷ್ಟೇ ಹೇಳುತ್ತಿದ್ದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಹೀಗಿರುವಾಗ ಒಂದು ಡಿಸೆಂಬರಿನಲ್ಲಿ ನಾಲ್ಕು ದಿನದ ಕೆಲಸ ಬಂತು. ಹಳೆ ಗೋವಾದ ಚರ್ಚಿನಲ್ಲಿರುವ ಸಂತನ ದೇಹವನ್ನು ಹತ್ತು ವರ್ಷಕ್ಕೊಮ್ಮೆ ಕೆಳಗಿಳಿಸಿ ಜನರ ದರ್ಶನಕ್ಕೆ ಇಡುತ್ತಾರೆ. ಅದು ಆ ವರ್ಷ. ಆ ಸಂತ ಬದುಕಿದ್ದಾಗ ಇಲ್ಲಿಂದ ಹಡಗು ಹತ್ತಿ ಜಪಾನಿಗೆ ಹೋದವನು, ಅಲ್ಲಿ ಮೊದಲು ಕಾಲಿಟ್ಟದ್ದು ದಕ್ಷಿಣದ ತುದಿಯ ಕಾಗೋಶಿಮಾದಲ್ಲಿ. ಈಗ ಆ ಕಾಗೋಶಿಮಾದ ಕಡೆಯ ಒಂದು ಸಣ್ಣ ಊರಿನಿಂದ ಹದಿನಾಲ್ಕು ಜನ ಅವನನ್ನು ನೋಡಲು ಬರುವವರಿದ್ದರು. ಎಲ್ಲರೂ ವಯಸ್ಸಾದವರು.

ನಾನು ಒಂದು ವಾರ ಮೊದಲೇ ನೋಟುಬುಕ್ಕು ತೆಗೆದು ಕುಳಿತೆ. ಕಾಗೋಶಿಮಾ: ಕರಿ ಹಂದಿ, ಚಹಾ, ಹೊಗೆಯುಗುಳುವ ಬೆಟ್ಟ, ಆ ಬೆಟ್ಟದ ಬುಡದಲ್ಲಿ ಬೆಳೆಯುವ ಕುಂಬಳಕಾಯಿಯಷ್ಟು ದಪ್ಪನೆಯ ಮೂಲಂಗಿ. ಸ್ವಾಗತದ ಮಾತನ್ನು ಬರೆದು, ಕನ್ನಡಿಯ ಮುಂದೆ ಆಡಿ, ಉರು ಹೊಡೆದೆ.

ದಾಬೋಳಿ ವಿಮಾನ ನಿಲ್ದಾಣದಲ್ಲಿ ಆ ಮಾತನ್ನು ಒಂದು ತಪ್ಪೂ ಇಲ್ಲದೆ ಒಪ್ಪಿಸಿದೆ. ಎಲ್ಲರೂ ಬಾಗಿ ನಮಸ್ಕರಿಸಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ, ಎಪ್ಪತ್ತೈದರ ಸುಮಾರಿನವಳು, ನನ್ನ ಅವ್ವನಿಗಿಂತ ಗಿಡ್ಡ, ನನ್ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಏನೋ ಹೇಳಿದಳು. ನನಗೆ ಒಂದು ಪದವೂ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿರೆಂದು ಬೇಡಿಕೊಂಡೆ. ಇನ್ನೊಮ್ಮೆ ಹೇಳಿದಳು. ಮಾತು ಏರಿ ಇಳಿದು, ಕೊನೆಯಲ್ಲಿ ನುಂಗಿದ ಹಾಗಾಗಿ ನಿಂತುಹೋಯಿತು. ನಾನು ಪುಣೆಯಲ್ಲಿ ಕೇಳಿದ ಕ್ಯಾಸೆಟ್ಟುಗಳಲ್ಲಿ ಇಂಥದ್ದು ಯಾವುದೂ ಇರಲಿಲ್ಲ. ಉಳಿದವರೂ ತಮ್ಮ ತಮ್ಮಲ್ಲಿ ಹಾಗೇ ಮಾತಾಡುತ್ತಿದ್ದರು.

ಗುಂಪಿನ ಮುಖಂಡ ನಿವೃತ್ತ ಶಾಲಾ ಮಾಸ್ತರ. ಅವನೊಬ್ಬ ನನಗೆ ತಿಳಿಯುವ ಜಪಾನಿ ಆಡುತ್ತಿದ್ದ. ತಮ್ಮ ಕಡೆಯ ಮಾತು ಟೋಕಿಯೋದವರಿಗೇ ತಿಳಿಯುವುದಿಲ್ಲ, ನೀವು ಬೇಸರಿಸಬೇಡಿ ಎಂದು ಸಮಾಧಾನ ಹೇಳಿದ. ಆ ಹೊತ್ತಿನಿಂದ ಅವರು ಹೇಳಿದ್ದನ್ನು ಅವನು ಪುಸ್ತಕದ ಜಪಾನಿಗೆ ತಿರುಗಿಸುವುದು, ಅದನ್ನು ನಾನು ಹಿಂದಿಗೋ ಕೊಂಕಣಿಗೋ ತಿರುಗಿಸುವುದು. ದುಭಾಷಿಗೆ ಇನ್ನೊಬ್ಬ ದುಭಾಷಿ. ಬಸ್ಸಿನ ಡ್ರೈವರ ವಿಜಯಪುರದ ಕಡೆಯವನು, ಸಡಾದಲ್ಲಿ ಮನೆ. ಅವನು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

ನನಗೆ ಇದು ಮೊದಲೇ ಹೊಳೆಯಬೇಕಾಗಿತ್ತು. ನಮ್ಮ ಅಜ್ಜಿ ವಾಸ್ಕೋದ ಆಸ್ಪತ್ರೆಯಲ್ಲಿದ್ದಾಗ ಮಂಗಳೂರಿನ ನರ್ಸೊಬ್ಬಳು, ತನಗೆ ಕನ್ನಡ ಬರುತ್ತದೆ ಎಂದು ಉತ್ಸಾಹದಿಂದ ಬಂದು ಮಾತಾಡಿಸಿದ್ದಳು. ಅಜ್ಜಿ "ಜೀವಕ್ಕ ಭಾಳ ತ್ರಾಸ ಆಗಾಕತ್ತೇತಿ ನೋಡವಾ" ಎಂದಾಗ ಅವಳು ನನ್ನ ಕಡೆ ತಿರುಗಿ, ಇವರು ಯಾವ ಭಾಷೆ ಆಡುವುದು ಎಂದು ಕೇಳಿದ್ದಳು. ಆಗ ನನಗೆ ಆ ನರ್ಸಿನ ಮೇಲೆ ಸಿಟ್ಟು ಬಂದಿತ್ತು. ಈಗ ನಾನೇ ಆ ನರ್ಸು.

ನೋಟುಬುಕ್ಕೂ ಕೈಕೊಟ್ಟಿತು. ಬಸ್ಸಿನಲ್ಲಿ ಮೈಕು ಹಿಡಿದು ಕರಿ ಹಂದಿಯ ಬಗ್ಗೆ, ದಪ್ಪ ಮೂಲಂಗಿಯ ಬಗ್ಗೆ ಕೇಳಿದೆ. ನಕ್ಕರು. ಅವೆಲ್ಲ ಪ್ರವಾಸಿಗರು ತಿನ್ನುವುದು, ನಮ್ಮ ಮನೆಗಳಲ್ಲಿ ಯಾರು ತರುತ್ತಾರೆ ಎಂದು ಮಾಸ್ತರ ವಿವರಿಸಿದ. ಧಾರವಾಡದವನನ್ನು ಹಿಡಿದು ಪೇಢೆಯ ಬಗ್ಗೆ ಮಾತ್ರ ಕೇಳಿದ ಹಾಗಾಗಿತ್ತು ನನ್ನದು. ಒಂದೇ ಒಂದು ಮಾತು ಸರಾಗವಾಗಿ ಸಾಗಿತು. ಬೆಟ್ಟ ಬೂದಿ ಉಗುಳಿದ ದಿನ ಒಗೆದ ಬಟ್ಟೆಯನ್ನು ಹೊರಗೆ ಒಣಗಹಾಕುವಂತಿಲ್ಲ ಎಂದು ಮಾಸ್ತರ ಹೇಳಿದ. ನಮ್ಮಲ್ಲೂ ಹಾಗೇ, ಹಡಗಿಗೆ ಅದಿರು ತುಂಬುವಾಗ ಸಡಾದಲ್ಲಿ ಬಿಳಿ ಬಟ್ಟೆ ಕೆಂಪಾಗುತ್ತದೆ ಎಂದು ನಾನು ಹೇಳಿದೆ. ಹೆಂಗಸರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಇದು ಯಾವ ಪತ್ರಿಕೆಯಲ್ಲೂ ಇರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಒಂದು ದೊಡ್ಡ ಹೋಟೆಲಿನಲ್ಲಿ ಜಪಾನಿ ಊಟ ಎಂದು ಕಾರ್ಯಕ್ರಮದಲ್ಲಿ ಬರೆದಿತ್ತು. ಉದುರುದುರಾದ ಬಾಸ್ಮತಿ ಅನ್ನವನ್ನು ಹೇಗೋ ಒತ್ತಿ ಉಂಡೆ ಮಾಡಿ, ಮೇಲೆ ಮೀನು ಇಟ್ಟಿದ್ದರು. ಕೈಗೆತ್ತಿಕೊಂಡರೆ ಪುಡಿಯಾಗುತ್ತಿತ್ತು. ಗೋವಾಕ್ಕೆ ಬಂದವರಿಗೆ ಇಲ್ಲಿಯ ಅನ್ನ, ಮೀನಿನ ಸಾರು ಹಾಕಿ ಎಂದು ನಾನು ಮ್ಯಾನೇಜರನಿಗೆ ಮೊದಲೇ ಹೇಳಿದ್ದೆ. ಅವನು ಕೇಳಿರಲಿಲ್ಲ. ಅವರು ಫೋಟೋ ತೆಗೆದುಕೊಂಡರು, ಎರಡೆರಡು ತುತ್ತು ತಿಂದರು. ಅಜ್ಜಿ ಬರೀ ನೀರು ಕುಡಿದಳು.

ಆ ದಿನ ಸಂಜೆ ಬಸ್ಸು ಪಣಜಿಯ ಮಾರುಕಟ್ಟೆಯ ಹತ್ತಿರ ನಿಧಾನವಾಯಿತು. ಕಿಟಕಿಯ ಬಳಿ ಕುಳಿತಿದ್ದ ಅಜ್ಜಿ ನನ್ನ ತೋಳು ಜಗ್ಗಿ ಹೊರಗೆ ಬೆರಳು ತೋರಿಸಿದಳು. "ಕರಾಯಿಮೊ," ಎಂದಳು. ಮತ್ತೊಮ್ಮೆ, ಮಕ್ಕಳು ಕೇಳುವ ಹಾಗೆ, "ಕರಾಯಿಮೊ." ನಾಲ್ಕು ವರ್ಷ ಕಲಿತ ನನ್ನ ತಲೆ ಆ ಪದವನ್ನು ಕೂಡಲೇ ಎರಡಾಗಿ ಬಿಡಿಸಿತು. ಕರಾಯ್ ಎಂದರೆ ಖಾರ. ಇಮೊ ಎಂದರೆ ಗಡ್ಡೆ, ಬಟಾಟೆ. ಖಾರದ ಬಟಾಟೆ. ಅವಳು ಬೆರಳು ತೋರಿಸಿದ ಕಡೆ ಒಂದು ಬಟಾಟೆವಡೆಯ ಗಾಡಿಯೂ ಇತ್ತು. ಎರಡು ದಿನದಲ್ಲಿ ಅಜ್ಜಿಯ ಬಾಯಿಂದ ಬಂದು ನನಗೆ ಪೂರ್ತಿ ಅರ್ಥವಾದ ಮೊದಲ ಮಾತು ಅದು. ಮಾಸ್ತರ ಹಿಂದಿನ ಸೀಟಿನಲ್ಲಿದ್ದ. ಅವನನ್ನು ಕೇಳಲಿಲ್ಲ. ಕೇಳುವ ಅಗತ್ಯವಿಲ್ಲ ಎಂಬ ಖುಷಿಯೇ ನನಗೆ ಹೆಚ್ಚಾಗಿತ್ತು.

ರಾತ್ರಿ ಊಟಕ್ಕೆ ಹೋದ ಹೋಟೆಲಿನಲ್ಲಿ ಅಜ್ಜಿಗಾಗಿ ಬೇರೆಯಾಗಿ ಬಟಾಟೆ ಪಲ್ಯ ಹೇಳಿದೆ. ಚೆನ್ನಾಗಿ ಖಾರ ಹಾಕಲು ಹೇಳಿದೆ. ವಿದೇಶದವರಿಗೆ ಅಷ್ಟು ಖಾರ ನಡೆಯುವುದಿಲ್ಲ ಎಂದು ವೇಟರ ಎಚ್ಚರಿಸಿದ. ಅವರು ಕೇಳಿದ್ದೇ ಖಾರದ್ದು, ನಿನಗೇನು ಗೊತ್ತು ಎಂದು ಅವನ ಬಾಯಿ ಮುಚ್ಚಿಸಿದೆ. ಕೆಂಪಗೆ ಎಣ್ಣೆ ಬಿಟ್ಟ ಪಲ್ಯ ಬಂತು. ಅಜ್ಜಿ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಕೈಮುಗಿದಳು. ಮೊದಲ ತುತ್ತಿಗೇ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಆದರೂ ತಟ್ಟೆ ಪೂರ್ತಿ ಖಾಲಿ ಮಾಡಿದಳು. ಕೊನೆಗೆ ಕರವಸ್ತ್ರದಿಂದ ಮೂಗು ಒರೆಸಿಕೊಂಡು, "ಆಯ್ಗಾತೋಸಾಗೆಮೋಶಿತ" ಎಂದಳು. ಇದನ್ನು ಅವಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಏನೋ ದೂರು ಇರಬೇಕು ಎಂದು ನಾನು ಪ್ರತಿ ಸಲವೂ ಕ್ಷಮೆ ಕೇಳುತ್ತಿದ್ದೆ. ಆಗಲೂ ಕೇಳಿದೆ.

ಮರುದಿನ ಬೆಳಿಗ್ಗೆ ಹಳೆ ಗೋವಾಕ್ಕೆ ಹೊರಟಾಗ ಬಸ್ಸಿನಲ್ಲಿ ಹದಿಮೂರೇ ಜನ. ಅಜ್ಜಿಗೆ ಹೊಟ್ಟೆ ಕೆಟ್ಟು ಏಳಲು ಆಗುತ್ತಿಲ್ಲ ಎಂದು ಮಾಸ್ತರ ಹೇಳಿದ. ಯಾವ ದರ್ಶನಕ್ಕಾಗಿ ಸಮುದ್ರ ದಾಟಿ ಬಂದಿದ್ದಳೋ ಆ ದಿನವೇ ಅವಳು ಕೋಣೆಯಲ್ಲಿ ಮಲಗಿದ್ದಳು. ನಾನು ಮುಂದೆ ಬಂದು ಡ್ರೈವರನ ಪಕ್ಕ ಕುಳಿತೆ. ಅವನು ಗಾಡಿಯನ್ನು ಮುಖ್ಯ ರಸ್ತೆಗೆ ಹತ್ತಿಸಿದ. ಆಮೇಲೆ ಮೆಲ್ಲಗೆ, "ಸರ್, ನಿನ್ನಿ ಆ ಅಜ್ಜಿ ಗೆಣಸ ತೋರಿಸಿದ್ರಲ್ರಿ. ನೀವ್ಯಾಕ ಬಟಾಟಿ ತರಿಸಿದ್ರಿ?" ಎಂದು ಕೇಳಿದ.

ಯಾವ ಗೆಣಸು ಎಂದೆ.

"ವಡಾ ಗಾಡಿ ಬಾಜೂಕ ಹೆಣ್ಮಗಳು ಗೆಣಸ ರಾಶಿ ಹಾಕ್ಕೊಂಡು ಕುಂತಿದ್ಳಲ್ರಿ. ನಾನೂ ನೋಡಿದ್ನಿ. ನೀವು ಭಾಷಾ ಕಲತವರು, ಅದಕ್ಕ ನಾ ಸುಮ್ಮನ ಇದ್ನಿ."

ಎದ್ದು ಹಿಂದೆ ಹೋಗಿ ಮಾಸ್ತರನನ್ನು ಕೇಳಿದೆ. ಟೋಕಿಯೋದವರು ಗೆಣಸಿಗೆ ಬೇರೆ ಹೆಸರು ಹೇಳುತ್ತಾರೆ. ಪುಸ್ತಕದಲ್ಲಿ ನಾನು ಕಲಿತದ್ದು ಅದು. ಗೆಣಸಿಗೇ ಹೆಸರಾದ ಕಾಗೋಶಿಮಾದಲ್ಲಿ ಅದಕ್ಕೆ ಕರಾಯಿಮೊ ಅನ್ನುತ್ತಾರಂತೆ. ಚೀನಾದಿಂದ ಬಂದ ಗಡ್ಡೆ ಎಂದು ಅರ್ಥ, ಖಾರಕ್ಕೂ ಅದಕ್ಕೂ ಸಂಬಂಧವಿಲ್ಲ. ನೀವು ಅಷ್ಟು ಕಷ್ಟಪಟ್ಟು ತರಿಸಿದಿರಿ ಎಂದು ಬಿಡಲು ಮನಸ್ಸಾಗದೆ ಅಜ್ಜಿ ಪೂರ್ತಿ ತಿಂದಳು ಎಂದೂ ಹೇಳಿದ. ಹಾಗಾದರೆ ತಿಂದ ಮೇಲೆ ಆಡಿದ ಮಾತು ಏನು ಎಂದು ಕೇಳಿದೆ. ಅದು ಅವರ ಕಡೆಯ 'ಥ್ಯಾಂಕ್ಯೂ'. ಎರಡು ದಿನದಿಂದ ಒಬ್ಬ ಮುದುಕಿ ನನಗೆ ಧನ್ಯವಾದ ಹೇಳುತ್ತಿದ್ದಳು, ನಾನು ತಪ್ಪಾಯಿತು ತಪ್ಪಾಯಿತು ಎನ್ನುತ್ತಿದ್ದೆ. ಚರ್ಚಿನ ಮುಂದೆ ಹದಿಮೂರು ಜನರನ್ನು ಸಾಲಿನಲ್ಲಿ ನಿಲ್ಲಿಸಿ, ನಾನು ಹುಲ್ಲಿನ ಮೇಲೆ ಕುಳಿತು ಆ ಕ್ಯಾಸೆಟ್ಟುಗಳನ್ನು, ಆ ಪರೀಕ್ಷೆಗಳನ್ನು, ಪುಣೆಯ ಆ ನಾಲ್ಕು ವರ್ಷಗಳನ್ನು ಮನಸ್ಸಿನಲ್ಲೇ ಬೈದೆ.

ಸಂಜೆ ವಾಸ್ಕೋಕ್ಕೆ ಹೋದಾಗ ಅವ್ವನಿಗೆ ನಡೆದದ್ದನ್ನೆಲ್ಲ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

"ಗೆಣಸ ತಿಳೀಲಿಲ್ಲೇನ ತಮ್ಮಾ? ನಾಲ್ಕ ವರ್ಷ ಏನ ಕಲಿಸಿದ್ರಪಾ ಅವರು?" ಎಂದಳು.

ಅವ್ವ ಚಪ್ಪಲಿ ಮೆಟ್ಟಿಕೊಂಡು ಮಾರುಕಟ್ಟೆಗೆ ಹೋಗಿ, ದಕ್ಷಿಣ ಗೋವಾದ ಕಾಣಕೋಣದ ಕಡೆಯಿಂದ ಬಂದ ಗೆಣಸನ್ನು ಆರಿಸಿ ತಂದಳು. ಬೆಳಿಗ್ಗೆ ಕುದಿಸುವಾಗ ಬೆಲ್ಲ ಹಾಕಲೇ ಎಂದು ಕೇಳಿದಳು. ಏನೂ ಹಾಕಬೇಡ ಎಂದೆ. ಇನ್ನೊಂದು ತಪ್ಪು ಮಾಡುವ ಧೈರ್ಯ ನನಗಿರಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಗೋಡಂಬಿ ಮತ್ತು ಕರಕುಶಲ ವಸ್ತುಗಳ ಅಂಗಡಿ, ಆಮೇಲೆ ಕಡಲತೀರ, ಮಧ್ಯಾಹ್ನ ವಿಮಾನ. ಅಜ್ಜಿ ಎದ್ದು ಕೆಳಗೆ ಬಂದಿದ್ದಳು. ಮುಖ ಸಣ್ಣದಾಗಿತ್ತು. ನಾನು ಮ್ಯಾನೇಜರನಿಗೆ ಫೋನ್ ಮಾಡಿ, ಅಂಗಡಿ ಬಿಟ್ಟು ಬಸ್ಸನ್ನು ಹಳೆ ಗೋವಾಕ್ಕೆ ತಿರುಗಿಸೋಣ ಎಂದೆ. ಅಂಗಡಿಯವರಿಗೆ ಮಾತು ಕೊಟ್ಟಾಗಿದೆ, ಕಾರ್ಯಕ್ರಮ ಬದಲಾಗುವುದಿಲ್ಲ ಎಂದ. ಅಜ್ಜಿ ಒಬ್ಬಳೇ ಹೇಗೆ ಹೋಗಬೇಕು ಎಂದು ಕೇಳಿದೆ. ಅದು ಅವಳ ದುರದೃಷ್ಟ ಎಂದ. ಅವಳ ದುರದೃಷ್ಟ ಅಲ್ಲ, ನನ್ನ ಬಟಾಟೆ ಎಂದು ಅವನಿಗೆ ಹೇಳಲು ಬಾಯಿ ಬರಲಿಲ್ಲ. ಫೋನ್ ಇಟ್ಟು ಮಾಸ್ತರನಿಗೆ ಗುಂಪನ್ನು ನೋಡಿಕೊಳ್ಳಲು ಕೇಳಿಕೊಂಡೆ. ವಿಮಾನ ನಿಲ್ದಾಣದಲ್ಲಿ ಕೂಡೋಣ ಎಂದು ಹೇಳಿ, ಅಜ್ಜಿಯನ್ನು ಒಂದು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಹೊರಟೆ. ದುಭಾಷಿಯ ದುಭಾಷಿ ಬಸ್ಸಿನಲ್ಲಿ ಉಳಿದ. ಅದು ನನಗೆ ಆಗ ಹೊಳೆಯಲಿಲ್ಲ.

ಚರ್ಚಿನ ಮುಂದೆ ಸಾಲು ಮೈದಾನ ಸುತ್ತಿತ್ತು. ಒಬ್ಬ ಸ್ವಯಂಸೇವಕಿಗೆ ಕೊಂಕಣಿಯಲ್ಲಿ ಹೇಳಿ, ಬೇಡಿ, ವಯಸ್ಸಾದವರ ಸಾಲಿನಲ್ಲಿ ಜಾಗ ಪಡೆದೆ. ಆ ಸಾಲೂ ಸಣ್ಣದೇನಲ್ಲ. ಬೆಂಚಿನ ಮೇಲೆ ಕುಳಿತು ಸ್ವಲ್ಪ ಸ್ವಲ್ಪವೇ ಸರಿಯಬೇಕು. ಅಲ್ಲಿ ಅವ್ವ ಕಟ್ಟಿಕೊಟ್ಟಿದ್ದ ಡಬ್ಬಿ ತೆರೆದು ಗೆಣಸು ಕೊಟ್ಟೆ.

ಅಜ್ಜಿ ಡಬ್ಬಿಯೊಳಗೆ ನೋಡಿದಳು. ಒಂದನ್ನು ಎತ್ತಿ, ಉಗುರಿನಿಂದ ಸಿಪ್ಪೆ ಬಿಡಿಸಿ, ಮುರಿದು ಅರ್ಧ ನನಗೆ ಕೊಟ್ಟಳು. ತಿನ್ನುತ್ತ ಮಾತಾಡಲು ಶುರುಮಾಡಿದಳು.

ನಿಲ್ಲಿಸಲೇ ಇಲ್ಲ. ಸಾಲು ಸರಿದಂತೆಲ್ಲ ಮಾತು ಮುಂದುವರಿಯಿತು. ನನಗೆ ಅಲ್ಲೊಂದು ಇಲ್ಲೊಂದು ಪದ ಸಿಕ್ಕಿತು. ಅವ್ವ. ಸಮುದ್ರ. ಹಡಗು. ಹನ್ನೆರಡು ವರ್ಷ. ತಮ್ಮ. ಕರಾಯಿಮೊ, ಮತ್ತೆ ಮತ್ತೆ ಕರಾಯಿಮೊ. ಬರಲಿಲ್ಲ. ಯಾರು ಬರಲಿಲ್ಲ? ಎಲ್ಲಿಂದ? ನಿಧಾನವಾಗಿ ಹೇಳಿ ಎಂದು ಕೇಳಿದೆ. ಅದೇ ಮಾತನ್ನು ನಿಧಾನವಾಗಿ ಹೇಳಿದಳು. ನಿಧಾನವಾಗಿಯೂ ತಿಳಿಯಲಿಲ್ಲ. ಬರೆದು ತೋರಿಸಿ ಎಂದು ಪೆನ್ನು ಕೊಟ್ಟೆ. ಕನ್ನಡಕ ತಂದಿಲ್ಲ ಎಂದು ಕಣ್ಣು ಮುಟ್ಟಿ ಸನ್ನೆ ಮಾಡಿದಳು. ಒಮ್ಮೆ ನಕ್ಕಳು. ನಾನೂ ನಕ್ಕೆ. ಒಮ್ಮೆ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡಳು. ನಾನು ಮುಖ ಗಂಭೀರ ಮಾಡಿ ಹೌದು ಹೌದು ಎಂದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ತಿಳಿಯುತ್ತಿಲ್ಲ ಎಂದು ಮತ್ತೆ ಹೇಳಿದ್ದರೆ ಅವಳು ನಿಲ್ಲಿಸಿಬಿಡುತ್ತಿದ್ದಳು. ನಿಲ್ಲಿಸುವ ಮನಸ್ಸೂ ನನಗಿರಲಿಲ್ಲ.

ಒಳಗೆ ಗಾಜಿನ ಪೆಟ್ಟಿಗೆಯ ಮುಂದೆ ಅವಳಿಗೆ ಸಿಕ್ಕಿದ್ದು ನಾಲ್ಕು ಉಸಿರಿನಷ್ಟು ಹೊತ್ತು. ಕಾವಲಿನವರು ಮುಂದೆ ಹೋಗಿ, ಮುಂದೆ ಹೋಗಿ ಎನ್ನುತ್ತಿದ್ದರು. ಅವಳು ಹಣೆಯನ್ನು ಗಾಜಿಗೆ ತಾಗಿಸಿದಳು. ಹಿಂದಿನವರು ಒತ್ತಿದರು. ಹೊರಗೆ ಬಂದೆವು. ದಾಬೋಳಿಗೆ ಹೋಗುವ ದಾರಿಯಲ್ಲಿಯೂ ಮಾತು ಮುಂದುವರಿಯಿತು. ಜುವಾರಿ ಸೇತುವೆಯ ಮೇಲೆ ಹೊಳೆ ನೋಡಿ ಇನ್ನಷ್ಟು ಹೇಳಿದಳು. ನನ್ನ ಜೀವಮಾನದಲ್ಲಿ ಒಬ್ಬ ಜಪಾನಿ ನನ್ನ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಅದೊಂದೇ ಸಲ.

ನಿಲ್ದಾಣದಲ್ಲಿ ಮಾಸ್ತರನನ್ನು ಕಂಡ ಕೂಡಲೇ, ಅವಳು ಏನು ಹೇಳಿದಳೆಂದು ದಯವಿಟ್ಟು ಕೇಳಿ ಎಂದೆ. ಅವನು ಕೇಳಿದ. ಅಜ್ಜಿ ಕೈಬೀಸಿ ನಕ್ಕು ಎರಡು ಮಾತು ಹೇಳಿದಳು. ಏನಿಲ್ಲವಂತೆ, ಹಳೆಯ ಸುದ್ದಿ ಎಂದು ಮಾಸ್ತರ ತಿರುಗಿಸಿದ. ಅಷ್ಟರಲ್ಲಿ ಅವರನ್ನು ಒಳಗೆ ಕರೆದರು.

ಗುಂಪನ್ನು ಬಿಟ್ಟುಹೋದದ್ದಕ್ಕೆ ಮ್ಯಾನೇಜರ ನನ್ನ ಹೆಸರನ್ನು ಹೊಡೆದುಹಾಕಿದ. ಅದರಲ್ಲಿ ಅವನ ತಪ್ಪಿಲ್ಲ. ನಾನು ಪೂರ್ತಿಯಾಗಿ ಅಂಗಡಿಗೆ ಕುಳಿತೆ. ಫೆಬ್ರವರಿಯಲ್ಲಿ ಮಾಸ್ತರನಿಂದ ಕಾಗದ ಬಂತು, ಅಚ್ಚುಕಟ್ಟಾದ ಪುಸ್ತಕದ ಜಪಾನಿಯಲ್ಲಿ. ಎಲ್ಲರೂ ಕ್ಷೇಮವೆಂದು ಬರೆದು, ಕೊನೆಯಲ್ಲಿ ಹೀಗೆ ಕೇಳಿದ್ದ: ಅಜ್ಜಿ ತನ್ನ ಎಳೆಯ ದಿನಗಳ ಬಗ್ಗೆ ಊರಿನಲ್ಲಿ ಯಾರ ಮುಂದೆಯೂ ಬಾಯಿ ಬಿಟ್ಟವಳಲ್ಲ. ನಾವು ಹಳಬರ ನೆನಪುಗಳನ್ನು ಬರೆದಿಡುತ್ತಿದ್ದೇವೆ. ಅವಳನ್ನು ಕೇಳಿದರೆ, ಎಲ್ಲವನ್ನೂ ಗೋವಾದ ಆ ಹುಡುಗನಿಗೆ ಹೇಳಿದ್ದೇನೆ, ಅವನಿಗೆ ಗೊತ್ತು, ಮತ್ತೆ ಹೇಳಲಾರೆ ಎನ್ನುತ್ತಾಳೆ. ದಯವಿಟ್ಟು ಬರೆದು ಕಳಿಸುವಿರಾ?

ಆ ಕಾಗದಕ್ಕೆ ನಾನು ಉತ್ತರ ಬರೆಯುವಷ್ಟರಲ್ಲಿ ಮಳೆಗಾಲ ಬಂತು. ಏನಾದರೂ ಕಟ್ಟಿ ಬರೆಯೋಣವೆಂದು ಒಂದೆರಡು ಸಲ ಅನ್ನಿಸಿತು. ಸಿಕ್ಕ ಪದಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದೆ. ಅವ್ವ, ತಮ್ಮ, ಹಡಗು, ಗೆಣಸು. ಕಥೆ ಕಟ್ಟುವುದು ಸುಲಭವಿತ್ತು, ಅದಕ್ಕೇ ಹೆದರಿಕೆಯಾಯಿತು. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ನನಗೆ ತಿಳಿಯಲಿಲ್ಲ, ತಿಳಿದವನಂತೆ ತಲೆಯಾಡಿಸಿದೆ, ಸಿಕ್ಕಿದ್ದು ಇಷ್ಟೇ ಪದ ಎಂದು ಪಟ್ಟಿ ಮಾಡಿ ಕಳಿಸಿದೆ. ಅಜ್ಜಿಗೆ ಇದನ್ನು ಹೇಳಬೇಕೋ ಬೇಡವೋ ನೀವೇ ತೀರ್ಮಾನಿಸಿ ಎಂದೆ.

ಅದಕ್ಕೆ ಉತ್ತರ ಬರಲಿಲ್ಲ. ಮುಂದಿನ ಹೊಸ ವರ್ಷಕ್ಕೆ ನಾನೇ ಒಂದು ಕಾರ್ಡು ಹಾಕಿದೆ, ಅದಕ್ಕೂ ಬರಲಿಲ್ಲ. ಕಾಗದ ತಲುಪಿತೋ ಇಲ್ಲವೋ, ಅವರಿಗೆ ಬೇಸರವಾಯಿತೋ, ಅಜ್ಜಿಯೇ ಇಲ್ಲವಾದಳೋ, ಒಂದೂ ಗೊತ್ತಿಲ್ಲ. ಎರಡು ವರ್ಷದ ಮೇಲೆ ಪುಣೆಗೆ ಹೋಗಿ ಜಪಾನಿ ಭಾಷೆಯ ಮೇಲಿನ ಹಂತದ ಪರೀಕ್ಷೆ ಬರೆದೆ. ಆ ಕಡೆಯ ಆಡುಮಾತು ಕಲಿಸುವವರು ಯಾರಾದರೂ ಇದ್ದಾರೆಯೇ ಎಂದು ಅಲ್ಲಿಯ ಶಿಕ್ಷಕಿಯನ್ನು ಕೇಳಿದೆ. ಅದು ನಿಮಗೆ ಯಾತಕ್ಕೆ ಬೇಕು, ಪರೀಕ್ಷೆಗೆ ಬರುವುದಿಲ್ಲವಲ್ಲ ಎಂದಳು. ಪಾಸಾದೆ. ಅಪ್ಪ ಆ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗಲ್ಲೆಯ ಹಿಂದೆ ತೂಗುಹಾಕಿದರು. ಬಂದ ಗಿರಾಕಿಗಳೆಲ್ಲ ಅದೇನು ಎಂದು ಕೇಳುತ್ತಿದ್ದರು. ಅಪ್ಪನೇ ಉತ್ತರ ಹೇಳಲಿ ಎಂದು ನಾನು ಬಟ್ಟೆ ಅಳೆಯುತ್ತ ಕೂರುತ್ತಿದ್ದೆ.